ತೂತು ಎಣಿಸುವವಳು

ಬಾ, ಕೂರು. ಕಿಟಕಿಯ ಕಡೆ ತಟ್ಟೆ ಎತ್ತಿ ಹಿಡಿ.
ಬೆಳಕು ಹಿಂದಿನಿಂದ ಬರಲಿ.
ಮಬ್ಬಾಗಿ ಕಾಣುತ್ತದಲ್ಲ, ಅದು ರೋಗ.
ನಿನ್ನೆ ಸಂಜೆ ಸವರಿದ್ದು, ರಾತ್ರಿಯೆಲ್ಲ ಬೆಳೆದು
ಗಂಜಿಯ ಕೆನೆಯಂತೆ ಅಂಚಿನವರೆಗೆ ಹಬ್ಬಿದೆ.
ಈಗ ಅದರ ನಡುವೆ ನೋಡು:
ಸೂಜಿ ಚುಚ್ಚಿದಷ್ಟು, ಸಾಸಿವೆಯಷ್ಟು
ಏನೂ ಇಲ್ಲದ ಜಾಗಗಳು.
ಅವನ್ನು ಎಣಿಸಬೇಕು. ಅಷ್ಟೇ ಕೆಲಸ.
ಮೂವತ್ತೊಂಬತ್ತು ವರ್ಷದಿಂದ ನಾನು
ಇಲ್ಲದ್ದನ್ನು ಎಣಿಸಿ ಸಂಬಳ ತಗೊಂಡಿದ್ದೇನೆ.

ಒಂದೊಂದು ತೂತಿನಲ್ಲೂ ಯಾರೋ ಉಂಡು ಎದ್ದಿದ್ದಾರೆ.
ಫೇಜ್ ಅನ್ನುತ್ತಾರೆ. ವೈರಸ್ಸೇ,
ಆದರೆ ನಮಗಲ್ಲ, ಬ್ಯಾಕ್ಟೀರಿಯಾಕ್ಕೆ ತಗಲುವ ಪಿಡುಗು.
ಜೇಡನ ಕಾಲು, ಉದ್ದ ಕತ್ತು. ಫೋಟೋದಲ್ಲಿ ಕಂಡಿದ್ದೇನೆ.
ಕೂತಲ್ಲೇ ಸೂಜಿ ಇಳಿಸಿ ತನ್ನ ವಂಶವನ್ನು ಒಳಗೆ ಬಿಡುತ್ತದೆ;
ಆ ಬ್ಯಾಕ್ಟೀರಿಯಾ ಅರ್ಧ ಗಂಟೆ
ತನ್ನ ಮನೆಯಲ್ಲೇ ತಾನು ಜೀತಕ್ಕಿದ್ದು
ಕೊನೆಗೆ ಒಡೆದುಹೋಗುತ್ತದೆ.
ಒಂದು ಹೋದಲ್ಲಿಂದ ನೂರು ಹೊರಗೆ.
ಎಲ್ಲರ ಮನೆಯಲ್ಲೂ ಉಣ್ಣುವುದಿಲ್ಲ ಅದು.
ಹುಟ್ಟಿದ್ದು ಚರಂಡಿಯಲ್ಲಿ, ಮಡಿ ಮಾತ್ರ ಬಲು ಜೋರು.

ಎಲ್ಲಿ ಸಿಗುತ್ತದೆ ಅಂತ ಕೇಳಿದೆಯಲ್ಲ?
ಕೆಳಗೆ. ಆಸ್ಪತ್ರೆಯ ಕೊಳಚೆ ಮಟ್ಕ್ವರಿ ನದಿಗೆ ಸೇರುವ ಕಡೆ.
ರೋಗ ಎಲ್ಲಿ ಹೊರಗೆ ಹರಿಯುತ್ತದೋ
ಅಲ್ಲೇ ಅದರ ಹಗೆಯೂ ಹಸಿದು ಕೂತಿರುತ್ತದೆ.

ಟಿಬಿಲಿಸಿಯಲ್ಲಿ ಕರೆಂಟೇ ಇಲ್ಲದ ಚಳಿಗಾಲಗಳಿದ್ದವು.
ನೀನು ಹುಟ್ಟಿರಲಿಲ್ಲ.
ಬೆಚ್ಚಗಿರಬೇಕಾದ ಪೆಟ್ಟಿಗೆ ತಣ್ಣಗೆ,
ತಣ್ಣಗಿರಬೇಕಾದ ಪೆಟ್ಟಿಗೆ ಬೆಚ್ಚಗೆ.
ಫೇಜಿನ ಶೀಶೆಗಳು ನಮ್ಮ ಬಾಲ್ಕನಿಯಲ್ಲಿ,
ಉಪ್ಪಿನಕಾಯಿ ಜಾಡಿಗಳ ನಡುವೆ ಹಿಮ ಕಾಯುತ್ತಿದ್ದವು.
ಬೆಳೆಸಬೇಕಾದ್ದನ್ನು ಮೂರು ಸುತ್ತು ಬಟ್ಟೆ ಸುತ್ತಿ
ಎದೆಗಿಟ್ಟುಕೊಂಡು ಮಲಗುತ್ತಿದ್ದೆ.
ಮೂವತ್ತೇಳು ಡಿಗ್ರಿ; ಸರ್ಕಾರ ಕೊಡದಿದ್ದರೂ ಮೈ ಕೊಡುತ್ತದೆ.
ವಾಝಾ ದೂರ ಸರಿದು ಮಲಗಿ ಕೇಳುತ್ತಿದ್ದ,
"ಏನು ಮರಿ ಮಾಡ್ತಿದ್ದೀಯೆ, ನಾಜಿಬ್ರೋಲಾ?"
ಉತ್ತರ ಹೇಳಿದ್ದರೆ ಮಂಚವನ್ನೇ ಬಿಡುತ್ತಿದ್ದ.

ಒತಿಯಾ ಅಂತ ಒಬ್ಬ. ಚಿಯಾತುರಾದ ಗಣಿಯವನು.
ಪಾದದ ಹುಣ್ಣು ಯಾವ ಔಷಧಿಗೂ ಬಗ್ಗಲಿಲ್ಲ.
ಇಲ್ಲಿಗೆ ಬರುವಾಗ ಮೊಣಕಾಲ ಕೆಳಗೆ ನೀಲಿ ಗೆರೆ:
ಕತ್ತರಿಸುವ ಜಾಗ, ಡಾಕ್ಟರು ಪೆನ್ನಲ್ಲಿ ಎಳೆದಿದ್ದು.
ಅವನ ಕೀವು ಸವರಿ ಅರವತ್ತೊಂದು ಶೀಶೆ ಹನಿಸಿದೆವು.
ತಟ್ಟೆ ತುಂಬ ಮಬ್ಬು. ಒಂದೂ ತೂತಿಲ್ಲ.
ಆ ಸೋಮವಾರ ನದಿಯಿಂದ ತಂದ ಬಕೆಟ್ಟಿನ
ಅರವತ್ತೆರಡನೆಯದರಲ್ಲಿ
ನಾಲ್ಕು.
ನಾಲ್ಕೇ. ನಾನು ಕಿರುಚಿದ್ದಕ್ಕೆ ಕಾವಲಿನವನು
ಗಾಜು ಒಡೆಯಿತೆಂದು ಓಡಿಬಂದ.

ಎರಡು ಬೆರಳು ಹೋದವು, ಕಾಲು ಉಳಿಯಿತು.
ಒಂದು ಚೀಲ ಅಕ್ರೋಟು ಹೊತ್ತು ತಾನೇ ಮೆಟ್ಟಿಲು ಹತ್ತಿ ಬಂದು
ಪ್ಯಾಂಟು ಎತ್ತಿ ತೋರಿಸಿದ:
"ಹುಣ್ಣು ಹೋಯ್ತು ತಾಯಿ, ಈ ಗೆರೆ ಸೋಪಿಗೂ ಹೋಗ್ತಿಲ್ಲ."

ಇಷ್ಟಕ್ಕೆ ನಿಲ್ಲಿಸಿದರೆ ನೀನು ಖುಷಿಯಾಗಿ ಮನೆಗೆ ಹೋಗುತ್ತೀಯ.
ಮಕ್ವಾಲಾ ಅಂತ ಒಂದು ಹುಡುಗಿಯಿದ್ದಳು, ಹನ್ನೊಂದು ವರ್ಷ.
ಎದೆ ತುಂಬ ಕಫ. ತಟ್ಟೆಯಲ್ಲಿ ನೂರಾರು ತೂತು,
ಎಣಿಸಲಾಗದಷ್ಟು; ಜಾಲರಿಯ ಹಾಗೆ ಬೆಳಕು ಬಿತ್ತು.
ಅವಳ ಮೈಯಲ್ಲಿ ಆಗಲಿಲ್ಲ.
ಯಾಕೆ? ಕಫ ದಾಟಲಿಲ್ಲವೋ, ಮೈಯೇ ಹಿಡಿದು ಕೊಂದಿತೋ,
ಅಥವಾ ಬ್ಯಾಕ್ಟೀರಿಯಾ ಒಂದೇ ರಾತ್ರಿಯಲ್ಲಿ
ಬಾಗಿಲಿದ್ದ ಕಡೆ ಗೋಡೆ ಎಬ್ಬಿಸಿತೋ.
ದೊಡ್ಡವರು ಇಂದಿಗೂ ವಾದ ಮಾಡುತ್ತಾರೆ.
ನನ್ನ ಪುಸ್ತಕದಲ್ಲಿ ಆ ದಿನದ ಸಾಲು ಇಷ್ಟೇ:
ತಟ್ಟೆ ಮೈಯಲ್ಲ.

ಅವಳ ಫೇಜನ್ನು ಚೆಲ್ಲಿಲ್ಲ. ಕೆಳಗಿನ ಅರೆಯಲ್ಲಿದೆ.
ಹೆಸರಿಲ್ಲ, ನಂಬರಿದೆ. ನನಗೆ ಹೆಸರು ಗೊತ್ತು.

ಇಗೋ, ಹಗ್ಗ ಇಲ್ಲಿ ತೂಗುಹಾಕಿದೆ, ಬಕೆಟ್ಟು ಬಾಗಿಲ ಹಿಂದೆ.
ನಾಳೆ ಸೇತುವೆಯ ಮೂರನೇ ಕಂಬದ ಹತ್ತಿರ ಇಳಿಸು.
ಮೂಗು ಮುಚ್ಚಬೇಡ, ನಾತ ಹೆಚ್ಚಿದ್ದ ಕಡೆಯೇ ಇಳಿಸಬೇಕು.
ಮೀನು ಹಿಡಿಯುವ ಮುದುಕರು ನಗುತ್ತಾರೆ. ನಗಲಿ.

ಎಷ್ಟಾಯಿತು?
ಹದಿನೇಳಾ?
ಇನ್ನೊಮ್ಮೆ ಎಣಿಸು. ನಿನ್ನ ಹೆಬ್ಬೆರಳ ಕೆಳಗೆ ಒಂದು ಬಿಟ್ಟಿದ್ದೀಯ.